ಹಗಲು ಕಂಡ ಬಾವಿ

ರಾತ್ರಿ ಎಷ್ಟು ಗಂಟೆಗೆ ಮುಗಿಯುತ್ತೆ? ಸುಮ್ನೆ ಕೇಳಿದೆ. ನಮ್ಮಜ್ಜಿಯನ್ನು ಕೇಳಿದ್ದರೆ ಕೋಳಿ ಕೂಗಿದಾಗ ಅನ್ನುತ್ತಿದ್ದಳು. ಹಾಲಿನವನಿಗೆ ನಾಲ್ಕಕ್ಕೇ ಮುಗಿದು ಹೋಗಿರುತ್ತೆ. ಪೈಲಟ್‌ಗಳ ವಿಷಯದಲ್ಲಿ ಮಾತ್ರ ಇದನ್ನು ಹೇಳೋದು ದೇಶದ ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎ. ಮೊದಲು ಅವರ ರಾತ್ರಿ ಬೆಳಗಿನ ಐದಕ್ಕೆ ಮುಗಿಯುತ್ತಿತ್ತು, ಪಾಪ ನಿದ್ದೆಗೆಡ್ತಾರೆ ಅಂತ ಹೊಸ ನಿಯಮದಲ್ಲಿ ಆರರವರೆಗೆ ಎಳೆದರು. ಆಮೇಲೆ ಏನಾಯ್ತು ಅಂತ ನಿಮಗೇ ಗೊತ್ತು, ಪೈಲಟ್‌ಗಳು ಸಾಲದೆ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವು, ವಿಮಾನ ನಿಲ್ದಾಣದ ನೆಲದ ಮೇಲೆ ಸೂಟ್‌ಕೇಸ್ ತಲೆದಿಂಬು ಮಾಡಿಕೊಂಡು ಮಲಗಿದ್ದವರಲ್ಲಿ ನಿಮ್ಮ ಕಡೆಯವರೂ ಒಬ್ಬರು ಇದ್ದೇ ಇರ್ತಾರೆ. 2025ರ ಡಿಸೆಂಬರ್ 5ರಂದು ಇಂಡಿಗೋಗೆ ವಿನಾಯಿತಿ ಸಿಕ್ಕಿತು. 2026ರ ಫೆಬ್ರವರಿ 10ರವರೆಗೆ ಅವರ ಎ320 ವಿಮಾನಗಳ ಪೈಲಟ್‌ಗಳಿಗೆ ರಾತ್ರಿ ಮತ್ತೆ ಐದಕ್ಕೇ ಮುಗಿಯಬಹುದು ಅಂತಾಯ್ತು. ಅಂದರೆ ದೇಶದಲ್ಲಿ ಒಂದು ಕಂಪನಿಯವರಿಗೆ ಮಾತ್ರ ಎರಡು ತಿಂಗಳು ಸೂರ್ಯ ಒಂದು ಗಂಟೆ ಮುಂಚೆ ಹುಟ್ಟಿದ. ಋಷಿಮುನಿಗಳ ಕಾಲದಲ್ಲಿ ಇಂಥದ್ದಕ್ಕೆ ತಪಸ್ಸು ಬೇಕಿತ್ತು. ಈಗ ಲೆಟರ್‌ಹೆಡ್ ಸಾಕು.

ಅದು ಹಳೇ ಕಥೆ ಬಿಡಿ. ನನ್ನ ತಲೆ ಕೆಡಿಸಿರೋದು ಹೆಲಿಕಾಪ್ಟರ್.

ಹೆಲಿಕಾಪ್ಟರ್ ಹಾರಿಸೋರಿಗೆ ಕತ್ತಲು ಅಂದರೆ ಬೇರೆಯೇ ಲೆಕ್ಕ. ಯುರೋಪಿನ ನಿಯಮಪುಸ್ತಕ ತೆಗೆದು ನೋಡಿದೆ, ನಿದ್ದೆ ಬಾರದ ಒಂದು ರಾತ್ರಿ. ಒಳ್ಳೆ ನಿದ್ದೆ ಬಂತು. ಆದರೂ ಬರುವ ಮುಂಚೆ ಓದಿದ್ದು ಇಷ್ಟು: ಖಾಸಗಿ ಲೈಸೆನ್ಸ್ ಇಟ್ಟುಕೊಂಡವನು ರಾತ್ರಿ ಹೊತ್ತು ಹೆಲಿಕಾಪ್ಟರ್ ಹಾರಿಸಬೇಕಾದರೆ ಲೈಸೆನ್ಸ್ ಕೈಗೆ ಬಂದ ಮೇಲೆ 100 ಗಂಟೆ ಹಾರಿರಬೇಕು, ಅದರಲ್ಲಿ 60 ಗಂಟೆ ತಾನೇ ಕಮಾಂಡರ್ ಆಗಿ, 20 ಗಂಟೆ ಊರಿಂದೂರಿಗೆ. ಇಷ್ಟೂ ಆದ ಮೇಲೆ ಪಾಠ ಶುರು. ಬರೀ ಮೀಟರ್‌ಗಳನ್ನು ನೋಡಿಕೊಂಡೇ ಹಾರುವ 10 ಗಂಟೆಯ ಅಭ್ಯಾಸ, ರಾತ್ರಿ ಹಾರಾಟ 5 ಗಂಟೆ, ಅದರಲ್ಲೂ ಗುರು ಕೆಳಗಿಳಿದ ಮೇಲೆ ಒಬ್ಬನೇ ಐದು ಸಲ ಏರಿ, ಸುತ್ತಿ, ಇಳಿಸಬೇಕು. ಇನ್ನು ಕತ್ತಲಲ್ಲೂ ಕಾಣಿಸೋ ಕನ್ನಡಕ, ನೈಟ್ ವಿಷನ್ ಗಾಗಲ್ಸ್, ಅದನ್ನು ಹಾಕಿಕೊಂಡು ಕಂಪನಿ ಹೆಲಿಕಾಪ್ಟರ್ ಓಡಿಸೋನಿಗೆ ಆ ತರಬೇತಿಗೆ ಕಾಲಿಡುವ ಮೊದಲೇ ಕಮಾಂಡರ್ ಆಗಿ 20 ಗಂಟೆ ರಾತ್ರಿ ಹಾರಿದ ಲೆಕ್ಕ ಇರಬೇಕು. ಕಲಿತಾದ ಮೇಲೂ 90 ದಿನಕ್ಕೆ ಮೂರು ಸಲ ಹಾಕಿಕೊಂಡು ಹಾರದಿದ್ದರೆ ಮತ್ತೆ ತರಬೇತಿ ಹಾರಾಟ ಮಾಡಬೇಕು.

ಅಮೆರಿಕದವರದು ಇನ್ನೂ ಮಜಾ. ಗಾಗಲ್ಸ್ ಅಭ್ಯಾಸ ಎರಡು ತಿಂಗಳ ಒಳಗಿನದಾದರೆ ಪ್ರಯಾಣಿಕರನ್ನು ಕೂರಿಸಿಕೊಳ್ಳಬಹುದು. ಎರಡು ದಾಟಿ ನಾಲ್ಕರ ಒಳಗಿದ್ದರೆ ಹಾರಬಹುದು, ಆದರೆ ಪ್ರಯಾಣಿಕರಿಲ್ಲದೆ. ಬಿದ್ದರೆ ನೀನೇ ಬೀಳು ಮಾರಾಯ, ಬೇರೆಯವರನ್ನು ಕರಕೊಂಡು ಬೀಳಬೇಡ ಅಂತ. ನನಗಂತೂ ಇದು ಬಹಳ ಪ್ರಾಮಾಣಿಕವಾದ ನಿಯಮ ಅನಿಸಿತು.

ಹೀಗೆ ಗಂಟೆ ಗಂಟೆ ಎಣಿಸಿ ಬರೆದವರು ಸುಮ್ಮನೆ ಬರೆದಿಲ್ಲ. ಪ್ರತಿ ಸಂಖ್ಯೆಯ ಹಿಂದೆ ಯಾವುದೋ ಗುಡ್ಡಕ್ಕೆ ಬಡಿದವರು, ನೀರಿಗೆ ಇಳಿದವರು ಇರುತ್ತಾರೆ. ಆದರೆ ಯುರೋಪಿನ ಆ ಗಂಟೆಗಳೆಲ್ಲ ಯಾವ ಮೂಲ ಕಾನೂನಿನ ಕೆಳಗೆ ಬರುತ್ತವೋ ಅದರಲ್ಲೇ 71ನೇ ವಿಧಿ ಅಂತ ಒಂದಿದೆ. ಮುಂಚೆ ಗೊತ್ತಾಗದ ತುರ್ತು ಪರಿಸ್ಥಿತಿ ಬಂದರೆ, ಅಥವಾ 'ತುರ್ತು ಕಾರ್ಯಾಚರಣೆಯ ಅಗತ್ಯ' ಇದ್ದರೆ, ಸುರಕ್ಷತೆಗೆ ಬೇರೆ ವ್ಯವಸ್ಥೆ ಮಾಡಿಕೊಂಡು ವಿನಾಯಿತಿ ಕೊಡಬಹುದು. ತಪ್ಪಲ್ಲ. 2020ರಲ್ಲಿ ಕೊರೊನಾ ಬಂದು ಎಲ್ಲ ಮುಚ್ಚಿದಾಗ 90 ದಿನದ ಲೆಕ್ಕ ಯಾರಿಂದ ಮುಟ್ಟೋಕೆ ಆಗುತ್ತಿತ್ತು? ಕೊಟ್ಟರು, ಕೊಡಲೇಬೇಕಿತ್ತು. ನನ್ನ ತಕರಾರು ಆ ಎರಡನೇ ಮಾತಿನ ಬಗ್ಗೆ. ತುರ್ತು ಕಾರ್ಯಾಚರಣೆಯ ಅಗತ್ಯ. ಎಂಥಾ ಗಂಭೀರವಾದ ಮಾತು! ಕನ್ನಡದಲ್ಲಿ ಇದಕ್ಕೆ 'ಸ್ವಲ್ಪ ಅರ್ಜೆಂಟು ಸಾರ್' ಅಂತಾರೆ.

ಹೆಲ್ಮೆಟ್ ಇಲ್ಲದೆ ಹೋಗುವಾಗ ಪೊಲೀಸ್ ಅಡ್ಡ ಹಾಕಿದರೆ ನಾವು ಹೇಳೋದೇನು? 'ಇಲ್ಲೇ ಪಕ್ಕದ ಕ್ರಾಸಿಗೆ ಸಾರ್, ಮಾತ್ರೆ ತರೋಕೆ.' ಇದು 71ನೇ ವಿಧಿ ಅಲ್ವಾ? ಅವಧಿಯ ಮಿತಿ ಇದೆ, ಪಕ್ಕದ ಕ್ರಾಸಿನವರೆಗೆ ಮಾತ್ರ. ತುರ್ತು ಅಗತ್ಯ ಇದೆ, ಮಾತ್ರೆ. ಸುರಕ್ಷತೆಗೆ ಬದಲಿ ವ್ಯವಸ್ಥೆಯೂ ಇದೆ, 'ಮೆತ್ತಗೆ ಹೋಗ್ತೀನಿ ಸಾರ್.' ವಿನಾಯಿತಿ ಅನ್ನೋದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ರಮಕ್ಕೆ ಸಕ್ರಮ ಅಂತ ಪ್ರಾಸ ಹೊಂದಿಸಿ ಯೋಜನೆ ಮಾಡಿದ ರಾಜ್ಯ ನಮ್ಮದು, ಪಾಪ ಸುಪ್ರೀಂ ಕೋರ್ಟ್ ತಡೆ ಕೊಟ್ಟು ಪ್ರಾಸ ಕೆಡಿಸಿತು. ಟ್ರಾಫಿಕ್ ದಂಡಕ್ಕೂ ಅರ್ಧ ಬೆಲೆ ಸೇಲ್ ಹಾಕಿದ್ದೇವೆ. 2023ರ ಫೆಬ್ರವರಿಯಲ್ಲಿ ಒಮ್ಮೆ, 2025ರ ಆಗಸ್ಟ್‌ನಲ್ಲಿ ಮತ್ತೆ. ಆಷಾಢದ ಸೀರೆ ಸೇಲಿಗೆ ನಿಂತ ಹಾಗೆ ಜನ ನಿಂತಿದ್ದರು. ನನ್ನ ಸ್ನೇಹಿತನೊಬ್ಬ ಸಿಗ್ನಲ್ ಹಾರಿದ್ದಕ್ಕೆ ಮರುದಿನವೇ ಪೂರ್ತಿ ದಂಡ ಕಟ್ಟಿಬಂದಿದ್ದ, ಅವನನ್ನು ಇವತ್ತಿಗೂ ಗೆಳೆಯರ ಗುಂಪಿನಲ್ಲಿ ತಮಾಷೆ ಮಾಡ್ತಾರೆ. 'ಸ್ವಲ್ಪ ತಡಿಬಾರದಿತ್ತಾ?' ಅಂತ. ನಿಯಮ ಪಾಲಿಸಿದವನೇ ದಡ್ಡ. ಇರಲಿ, ಎಲ್ಲಿಂದೆಲ್ಲಿಗೋ ಹೋದೆ.

ಗಾಗಲ್ಸ್ ಅಂದರೆ ಸಿನಿಮಾದಲ್ಲಿ ನೋಡಿದ ಹಾಗೆ ಹಾಕಿದ ತಕ್ಷಣ ರಾತ್ರಿ ಹಗಲಾಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಆಗಲ್ಲ. ಕಾಣುವ ಅಗಲ ಸುಮಾರು 40 ಡಿಗ್ರಿ ಮಾತ್ರ. ಬರಿಗಣ್ಣಿಗೆ ಅಕ್ಕಪಕ್ಕ ಎಲ್ಲ ಸೇರಿ ಹೆಚ್ಚುಕಮ್ಮಿ 180ರಷ್ಟು ಕಾಣುತ್ತೆ. ಲೋಕವೆಲ್ಲ ಒಂದೇ ಬಣ್ಣ, ಹೆಚ್ಚಾಗಿ ಹಸಿರು. ದೂರ ಹತ್ತಿರದ ಅಂದಾಜು ಸಿಗಲ್ಲ. ಎದುರಿಗೆ ಜೋರಾದ ದೀಪ ಬಂದರೆ ಅದರ ಸುತ್ತ ಪ್ರಭಾವಳಿ ಅರಳಿಕೊಂಡು ಹಿಂದಿರುವುದೆಲ್ಲ ಮುಚ್ಚಿ ಹೋಗುತ್ತೆ. ಹೆಲ್ಮೆಟ್ಟಿನ ಮುಂದೆ ಗಾಗಲ್ಸ್ ಭಾರ, ಅದನ್ನು ಸರಿದೂಗಿಸೋಕೆ ಹಿಂದೆ ಇನ್ನೊಂದು ಭಾರ. ಕುತ್ತಿಗೆಯ ಗತಿ ಕೇಳಬೇಡಿ.

ನಂಬಿಕೆ ಬರಲಿಲ್ಲ ಅಂತ ಒಂದು ರಾತ್ರಿ ಅಡುಗೆಮನೆಯ ಫಾಯಿಲ್ ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಎರಡು ತುಂಡು ಮಾಡಿ, ಕಣ್ಣಿಗೆ ಹಿಡಿದು, ದೀಪ ಆರಿಸಿ, ನಡುಮನೆಯಿಂದ ಬಚ್ಚಲವರೆಗೆ ನಡೆದು ನೋಡಿದೆ. ಇಪ್ಪತ್ತು ವರ್ಷ ಓಡಾಡಿದ ಮನೆ. ಮೊದಲ ನಾಲ್ಕು ಹೆಜ್ಜೆ ಜೋರಾಗೇ ಹೋಯ್ತು. ಐದನೆಯದರಲ್ಲಿ ಕಾಲಿನ ಕಿರುಬೆರಳು ಗ್ರೈಂಡರಿಗೆ ಹೋಗಿ ಬಡಿಯಿತು. ಅದು ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅದು ಕಾಣಿಸುತ್ತಲೂ ಇತ್ತು. ಎಷ್ಟು ಹತ್ತಿರ ಅಂತ ಮಾತ್ರ ತಿಳಿಯಲಿಲ್ಲ. ಹೆಂಡತಿ ದೀಪ ಹಾಕಿ, ಎರಡು ಕೊಳವೆ ಹಿಡಿದು ಒಂಟಿಕಾಲಲ್ಲಿ ನಿಂತ ನನ್ನನ್ನು ನೋಡಿ, 'ಏನ್ರೀ ಇದು ಈ ವಯಸ್ಸಲ್ಲಿ' ಅಂದಳು. ಪ್ರಯೋಗ ಅಂದೆ. 'ಬೆಳಗ್ಗೆ ಮಾಡಬಾರದಿತ್ತಾ?' ಅಂದಳು. ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಇಲಾಖೆಗಳಿಗೆ ಕೇಳೋರು ಯಾರೂ ಇಲ್ಲ ನೋಡಿ.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನಲ್ಲಿ ಸೈನ್ಯದ ಒಂದು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹೊರಟಿದ್ದು ಇಂಥದ್ದೇ ಪರೀಕ್ಷೆಗೆ, ಗಾಗಲ್ಸ್ ಹಾಕಿಕೊಂಡು ಹಾರುವ ವಾರ್ಷಿಕ ಪರೀಕ್ಷೆ. ಪೈಲಟ್ ಹಾರಿದ್ದು ಒಟ್ಟು ಸುಮಾರು 450 ಗಂಟೆ, ಪರೀಕ್ಷಿಸುವವರದು ಸಾವಿರಕ್ಕೆ ಸ್ವಲ್ಪ ಕಡಿಮೆ. ಪೊಟೊಮ್ಯಾಕ್ ನದಿಯ ಮೇಲೆ ಹೆಲಿಕಾಪ್ಟರುಗಳ ದಾರಿಗೆ 200 ಅಡಿಯ ಮಿತಿ. ಅದರ ಮೇಲಿಂದಲೇ ಅಲ್ಲಿನ ವಿಮಾನ ನಿಲ್ದಾಣದ ರನ್‌ವೇ 33ಕ್ಕೆ ಇಳಿಯುವ ವಿಮಾನಗಳ ದಾರಿ. ಎರಡರ ನಡುವೆ ಒಂದು ಕಡೆ ಇದ್ದ ಅಂತರ ಬರೀ 75 ಅಡಿ ಅಂತ ಆಮೇಲೆ ತನಿಖೆ ಮಾಡಿದವರು ಹೇಳಿದರು. ಹೆಲಿಕಾಪ್ಟರ್ 200ರಲ್ಲಿ ಇರಲಿಲ್ಲ, 278 ಅಡಿಯಲ್ಲಿತ್ತು. ಎತ್ತರ ತೋರಿಸುವ ಮೀಟರೇ ಕಡಿಮೆ ತೋರಿಸಿದ್ದಿರಬಹುದು. ಕಂಟ್ರೋಲರ್, ಇಳಿಯುತ್ತಿರುವ ವಿಮಾನ ಕಾಣಿಸ್ತಿದೆಯಾ ಅಂತ ಕೇಳಿದ, ಕಾಣಿಸ್ತಿದೆ ಅಂದರು. ನಗರದ ಅಷ್ಟೂ ದೀಪಗಳ ನಡುವೆ ಅವರು ಯಾವ ದೀಪವನ್ನು ನೋಡಿ ಹಾಗೆಂದರೋ. ಹೆಲಿಕಾಪ್ಟರ್ ಆ ಪ್ರಯಾಣಿಕರ ವಿಮಾನಕ್ಕೆ ಢಿಕ್ಕಿ ಹೊಡೆಯಿತು, 67 ಜನ ಹೋದರು. ವಿಮಾನದಲ್ಲಿ ಐಸ್ ಮೇಲೆ ಸ್ಕೇಟಿಂಗ್ ಕಲಿಯುತ್ತಿದ್ದ ಮಕ್ಕಳಿದ್ದರು, ಅವರ ಅಪ್ಪ ಅಮ್ಮಂದಿರಿದ್ದರು.

ಹೆಲಿಕಾಪ್ಟರಿನಲ್ಲಿದ್ದ ಮೂವರನ್ನು ದೂರುವುದು ಸುಲಭ. ನಾನು ದೂರಲ್ಲ. ಅವರಿಗೆ ಕೊಟ್ಟ ದಾರಿಯೇ ಅಂಥದ್ದು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ಒಂದು ನಿಲ್ದಾಣದ ಸುತ್ತ ಪ್ರಯಾಣಿಕರ ವಿಮಾನ ಮತ್ತು ಹೆಲಿಕಾಪ್ಟರ್ ಪಕ್ಕಕ್ಕೆ ಒಂದು ನಾಟಿಕಲ್ ಮೈಲಿಗಿಂತ, ಮೇಲೆ ಕೆಳಗೆ 400 ಅಡಿಗಿಂತ ಹತ್ತಿರ ಬಂದದ್ದು 15,214 ಸಲ. ಅದರಲ್ಲಿ 85 ಸಲ 1,500 ಅಡಿಗಿಂತ ಹತ್ತಿರ, ಎತ್ತರದ ಅಂತರ 200 ಅಡಿಗಿಂತ ಕಡಿಮೆ. ಇಷ್ಟೂ ಮಾಹಿತಿ ಸರ್ಕಾರದ ಕಂಪ್ಯೂಟರಿನಲ್ಲೇ ಇತ್ತು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಬಾವಿಯನ್ನು ಹದಿನೈದು ಸಾವಿರ ಸಲ ಕಂಡವರು ಬೇರೆ, ಬಿದ್ದವರು ಬೇರೆ. ಕಂಡವರು ಹಗಲು ಹೊತ್ತು ಕೆಲಸ ಮಾಡಿ ಸಂಜೆ ಮನೆಗೆ ಹೋಗೋರು.

ಇಲ್ಲೂ ಒಂದು ವಿನಾಯಿತಿ ಇತ್ತು, ಮರೆತಿದ್ದೆ. ತಾನು ಎಲ್ಲಿದ್ದೇನೆ ಅಂತ ಸುತ್ತಲಿನವರಿಗೆಲ್ಲ ಸಾರುತ್ತಾ ಹೋಗುವ ಎಡಿಎಸ್-ಬಿ ಅನ್ನೋ ಯಂತ್ರವನ್ನು ಅಲ್ಲಿನ ಬಹುಪಾಲು ನಿಯಂತ್ರಿತ ವಾಯುಪ್ರದೇಶದಲ್ಲಿ 2020ರಿಂದ ಕಡ್ಡಾಯ ಮಾಡಿದ್ದರು. ಸರ್ಕಾರದ ಸೂಕ್ಷ್ಮ ಕೆಲಸಗಳಿಗೆ ಮಾತ್ರ ಅದನ್ನು ಆಫ್ ಮಾಡಿಕೊಳ್ಳಲು 2019ರಲ್ಲೇ ಅನುಮತಿ. ಆ ರಾತ್ರಿ ಬ್ಲ್ಯಾಕ್ ಹಾಕ್‌ನಿಂದ ಆ ಸಂಕೇತ ಹೊರಡುತ್ತಿರಲಿಲ್ಲ. ಪರೀಕ್ಷೆ ಬರೆಯೋದರಲ್ಲಿ ಅಂಥ ಸೂಕ್ಷ್ಮ ಏನಿತ್ತೋ.

ಸರಿ, ಇಷ್ಟೆಲ್ಲ ಆದ ಮೇಲೆ ಬುದ್ಧಿ ಬಂದಿರಬೇಕಲ್ವಾ? ಬಂತು. ಅದೇ 2025ರ ಡಿಸೆಂಬರ್ ತಿಂಗಳಲ್ಲಿ, ನಮ್ಮ ಇಂಡಿಗೋದವರ ಸೂರ್ಯ ಬೇಗ ಹುಟ್ಟಿದ ಎರಡು ವಾರಕ್ಕೆ, ಅಮೆರಿಕದ ರಕ್ಷಣಾ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಅದರ 373ನೇ ಸೆಕ್ಷನ್: ವಾಷಿಂಗ್ಟನ್ ಸುತ್ತ ತರಬೇತಿಗೆ ಹಾರುವ ಸೈನ್ಯದ ಹೆಲಿಕಾಪ್ಟರುಗಳು ಹತ್ತಿರದ ವಿಮಾನಗಳಿಗೆ ಎಚ್ಚರಿಕೆ ಕೊಡಲೇಬೇಕು. ಭೇಷ್. ಮುಂದಿನ ಸಾಲು: ದೇಶದ ಭದ್ರತೆಗೆ ಬೇಕು ಅನಿಸಿದರೆ, ಅಪಾಯದ ಲೆಕ್ಕ ಹಾಕಿಕೊಂಡು, ಇದಕ್ಕೆ ವಿನಾಯಿತಿ ಕೊಡಬಹುದು. ಸತ್ತವರ ಮನೆಯವರು ಬೇಡ ಅಂದರು. ತನಿಖಾ ಮಂಡಳಿಯ ಅಧ್ಯಕ್ಷೆ ಜೆನ್ನಿಫರ್ ಹೋಮೆಂಡಿ, ಇದು ಅಪಘಾತದ ದಿನ ಇದ್ದ ಸ್ಥಿತಿಯನ್ನೇ ವಾಪಸ್ ತರುತ್ತೆ ಅಂತ ಸಿಟ್ಟಿನಿಂದಲೇ ಹೇಳಿದರು. ಆದರೂ ಪಾಸಾಯಿತು. ತಿದ್ದುತ್ತೇವೆ ಅಂತ ಸೆನೆಟ್ ಇನ್ನೊಂದು ಮಸೂದೆ ಪಾಸು ಮಾಡಿತು. ತೂತು ಮುಚ್ಚೋಕೆ ಮೊದಲು ತೂತು ಬೇಕು ತಾನೆ.

ಇಲ್ಲಿ ನಗೋಕೆ ಏನೋ ಬರೆಯಬೇಕು ಅಂತ ಕೂತಿದ್ದೆ. ಬರುತ್ತಿಲ್ಲ. ಹನ್ನೊಂದು ತಿಂಗಳು ಕೂಡ ತಡೆಯಲಿಲ್ಲವಲ್ಲ, ವರ್ಷಾಬ್ದಿ ಕೂಡ ಆಗಿರಲಿಲ್ಲ.

ಮೊನ್ನೆ ಅರಸೀಕೆರೆ ಕಡೆ ಇರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ, ರಾತ್ರಿ ಹನ್ನೊಂದೂವರೆ. ಎದ್ದೇ ಇರ್ತಾರೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡೋದು ಆಮೇಲೆಯೇ. ಬ್ಯಾಟರಿ ಹಿಡಿದು, ದೊಣ್ಣೆ ಬಡಿಯುತ್ತಾ ಬದುವಿನ ಮೇಲೆ ನಡೆದು ಹೋಗಿ ಮೋಟಾರು ಹಾಕಿ ಬರಬೇಕು. ಹಾವು ಇರುತ್ತೆ. ಈಚೆಗೆ ಚಿರತೆ ಬೇರೆ ಓಡಾಡ್ತಿದೆ ಅಂತಾರೆ. ನಲವತ್ತು ವರ್ಷದಿಂದ ಇದೇ ಕೆಲಸ, ಲೆಕ್ಕ ಹಾಕಿದರೆ ಯುರೋಪಿನವರು ಕೇಳೋ ಗಂಟೆಯ ನೂರು ಪಟ್ಟು ಆಗಿರಬಹುದು. ಗಾಗಲ್ಸ್ ವಿಷಯ ಪೂರ್ತಿ ಹೇಳಿದೆ. ಶ್ರದ್ಧೆಯಿಂದ ಕೇಳಿಸಿಕೊಂಡರು.

'ಅದನ್ನ ಹಾಕ್ಕಂಡ್ರೆ ಹಾವು ಕಾಣುತ್ತೇನೋ?'

'ಕಾಣುತ್ತೆ ಚಿಕ್ಕಪ್ಪ. ಆದ್ರೆ ಎಷ್ಟು ದೂರದಲ್ಲಿದೆ ಅಂತ ಸರಿಯಾಗಿ ಗೊತ್ತಾಗಲ್ಲ.'

'ಹಂಗಾದ್ರೆ ಕಾಣದೇ ಇದ್ರೇ ವಾಸಿ ಬಿಡು' ಅಂದರು. 'ಕರೆಂಟ್ ಬಂತು, ಇಡ್ತೀನಿ.'