ನಿಂತಲ್ಲೇ ಬೀಳುವ ಗಾಡಿ

ಪೆಟ್ರೋಲಿನಿಂದ ಓಡಿದ ಮೊದಲ ಮೋಟಾರ್‌ಸೈಕಲ್‌ಗೆ ನಾಲ್ಕು ಚಕ್ರ ಇದ್ದವು. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ಸೇರಿ ಮಾಡಿದ ಮರದ ಗಾಡಿ ಅದು. ಹಿಂದೆ ಮುಂದೆ ಎರಡು ದೊಡ್ಡ ಚಕ್ರ, ಬೀಳದೆ ಇರಲಿ ಅಂತ ಅಕ್ಕಪಕ್ಕ ಎರಡು ಪುಟ್ಟ ಚಕ್ರ. ಇಂಜಿನ್ ಬರೀ ಅರ್ಧ ಅಶ್ವಶಕ್ತಿಯದು. ಓಡಿಸಿದವನು ಡೈಮ್ಲರ್‌ನ ಮಗ. ಇಂಜಿನ್‌ನ ಕಾದ ಕೊಳವೆ ಸರಿಯಾಗಿ ಸೀಟಿನ ಕೆಳಗೇ ಇತ್ತು. ದಾರಿಯಲ್ಲಿ ಸೀಟಿಗೆ ಬೆಂಕಿ ಹತ್ತಿಕೊಂಡಿತು ಅನ್ನುತ್ತಾರೆ. ಹೊಸ ಸವಾರನ ಪಾಡು ಶುರುವಾಗಿದ್ದೇ ಹಾಗೆ.

ಆಮೇಲೆ ಬಂದವರು ಸೀಟಿನ ಬೆಂಕಿ ಆರಿಸಿದರು, ಪುಣ್ಯ ಬರಲಿ. ಆದರೆ ಆ ಎರಡು ಪುಟ್ಟ ಚಕ್ರಗಳನ್ನು ಯಾಕೆ ಕಿತ್ತರೋ! ಅವು ಇದ್ದಿದ್ದರೆ ನನ್ನ ಭಾವನ ಮರ್ಯಾದೆ ಉಳಿಯುತ್ತಿತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ನಾನು ಬೈಕ್ ತಗೊಳ್ಳಬೇಕು ಅಂದಿದ್ದೇ ತಡ, ಮನೆಯಲ್ಲಿ ಒಂದು ಸಮಿತಿ ತಾನಾಗಿಯೇ ರಚನೆಯಾಯಿತು. ಅಧ್ಯಕ್ಷರು ಭಾವ. ಅವರ ಹತ್ತಿರ 350 ಸಿಸಿ ಗಾಡಿ ಇದೆ. ಹೆಚ್ಚು ಕಾಲ ಕವರಿನ ಒಳಗೇ ಇರುತ್ತದೆ, ಅದು ಬೇರೆ ಮಾತು. "ಗಾಡಿ ಅಂದ್ರೆ ತೂಕ ಇರಬೇಕು ಕಣೋ, ರೋಡ್ ಹಿಡ್ಕೊಂಡು ಹೋಗಬೇಕು" ಅಂದರು. ಚಿಕ್ಕಪ್ಪನಿಗೆ ಮೈಲೇಜ್ ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ. ಅಕ್ಕನ ಮಗನಿಗೆ ಟ್ಯಾಂಕ್ ದಪ್ಪ ಇರಬೇಕು, ಹಿಂದಿನ ಟೈರ್ ಇನ್ನೂ ದಪ್ಪ ಇರಬೇಕು. 125 ಸಿಸಿ ಅಂದಿದ್ದಕ್ಕೆ ಅವನು ಮುಖ ಸಿಂಡರಿಸಿ, "ಅದು ಗಾಡಿನಾ ಮಾಮ?" ಅಂದ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಿಧಾನವಾಗಿ ಹೋಗೋ ಬೈಕ್ ಯಾವುದೂ ಮಾಡಿಲ್ವಾ?" ಎಲ್ಲರೂ ನಕ್ಕರು. ಆದರೆ ಸಮಿತಿಯಲ್ಲಿ ಬುದ್ಧಿ ಇರುವ ಮಾತು ಆಡಿದ್ದು ಅವರೊಬ್ಬರೇ.

ಯಾಕಂದರೆ ಯೂರೋಪಿನ ಸರ್ಕಾರಗಳೂ ಅಮ್ಮನ ಹಾಗೇ ಯೋಚಿಸಿವೆ. ಅಲ್ಲಿ ಎ1 ಅನ್ನುವ ಲೈಸೆನ್ಸ್‌ನಲ್ಲಿ 125 ಸಿಸಿ, 11 ಕಿಲೋವ್ಯಾಟ್, ಅಂದರೆ ಸುಮಾರು 15 ಅಶ್ವಶಕ್ತಿ, ಇದರ ಮೇಲಿನದನ್ನು ಮುಟ್ಟುವ ಹಾಗಿಲ್ಲ. ಮುಂದಿನ ಮೆಟ್ಟಿಲಲ್ಲೂ 35 ಕಿಲೋವ್ಯಾಟ್‌ಗೆ ಕಡಿವಾಣ. ಆಸ್ಟ್ರೇಲಿಯಾದವರು ಹೊಸಬರಿಗೆ 660 ಸಿಸಿವರೆಗೂ ಬಿಡುತ್ತಾರೆ, ಆದರೆ ಒಂದು ಟನ್ ತೂಕಕ್ಕೆ 150 ಕಿಲೋವ್ಯಾಟ್‌ಗಿಂತ ಜಾಸ್ತಿ ಶಕ್ತಿ ಇರಬಾರದು ಅನ್ನುತ್ತಾರೆ. ಇದನ್ನೆಲ್ಲ ಅಳಿಯನಿಗೆ ವಿವರವಾಗಿ ಹೇಳಿದೆ. ಅವನು ಕೇಳಿ, "ಹಾಗಾದ್ರೆ 660 ತಗೋ" ಅಂದ.

ಸಮಿತಿಯ ಚರ್ಚೆಯೆಲ್ಲ ಓಡುವ ಬೈಕಿನ ಮೇಲೆ. ಪಿಕಪ್ ಹೇಗೆ, ಟಾಪ್ ಸ್ಪೀಡ್ ಎಷ್ಟು, ತಿರುವಿನಲ್ಲಿ ಹೇಗೆ ಮಲಗುತ್ತೆ. ಹೊಸಬನ ಕಷ್ಟ ಅಲ್ಲಿಲ್ಲ ಸ್ವಾಮಿ. ಓಡುವಾಗ ಬೈಕ್ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗುತ್ತದೆ. ನಿಂತಾಗಲೇ ಅದಕ್ಕೆ ಮಲಗಬೇಕು ಅನ್ನಿಸುವುದು. ಸಿಗ್ನಲ್‌ನಲ್ಲಿ, ಗೇಟಿನ ಮುಂದೆ, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ಯೂ ಟರ್ನ್ ಅರ್ಧ ಆಗಿರುವಾಗ. ಅದೂ ಜನ ನೋಡುತ್ತಿರುವಾಗ ಮಾತ್ರ.

ಹಾಗಾಗಿ ಶೋರೂಮಿಗೆ ಹೋದವನು ಇಂಜಿನ್ ಬಗ್ಗೆ ಏನೂ ಕೇಳಲಿಲ್ಲ. ಎಲ್ಲದರ ಮೇಲೂ ಸುಮ್ನೆ ಹತ್ತಿ ಕೂತೆ. ನನ್ನ ಕಾಲಿನ ಉದ್ದದ ಬಗ್ಗೆ ದೇವರು ಅಷ್ಟೇನೂ ಧಾರಾಳಿಯಲ್ಲ. 850 ಮಿಲಿಮೀಟರ್ ಎತ್ತರದ ಸೀಟಿನ ಒಂದು ಅಡ್ವೆಂಚರ್ ಬೈಕ್ ಮೇಲೆ ಕೂತಾಗ ಎರಡೂ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವ ಸ್ಥಿತಿ. ಸೇಲ್ಸ್ ಹುಡುಗ ಧೈರ್ಯ ತುಂಬಿದ: "ಒಂದು ಕಾಲು ಊರಿದ್ರೆ ಸಾಕು ಸರ್." ಶೋರೂಮಿನ ನೆಲಕ್ಕೆ ಸಾಕು, ನಿಜ. ರಸ್ತೆಯಲ್ಲಿ ನಾವು ಊರುವ ಕಾಲಿನ ಕಡೆಗೇ ಗುಂಡಿ ಇರುತ್ತದಲ್ಲ?

ಇನ್ನೊಂದು ಮೋಸ ಇದೆ. ಕಾಗದದ ಮೇಲೆ ಎರಡು ಗಾಡಿಯ ಸೀಟೂ 790 ಮಿಲಿಮೀಟರ್. ಒಂದರಲ್ಲಿ ಅಂಗಾಲು ಪೂರ್ತಿ ಊರುತ್ತದೆ, ಇನ್ನೊಂದರಲ್ಲಿ ಹಿಮ್ಮಡಿ ಗಾಳಿಯಲ್ಲಿ. ಸೀಟು ಮುಂದೆ ಅಗಲ ಇದ್ದರೆ ತೊಡೆ ಅಗಲಿಸಿ ಕೂರಬೇಕು, ಅಷ್ಟು ಕಾಲು ಗಿಡ್ಡವಾದಂತೆಯೇ. ಇದನ್ನು ಯಾವ ಅಂಕಿಯೂ ಹೇಳುವುದಿಲ್ಲ, ಪೃಷ್ಠವನ್ನೇ ಕೇಳಬೇಕು.

ಈಗ ಭಾವನ ವಿಷಯ. ನಾನು ತೂಕದ ಬಗ್ಗೆ ಅಳುಕುತ್ತಿದ್ದುದು ಅವರಿಗೆ ಸಹಿಸಲಿಲ್ಲ. ತೋರಿಸಿಯೇ ಕೊಡುತ್ತೇನೆ ಅಂತ ತಮ್ಮ ಗಾಡಿ ಹೊರಗೆ ತಂದರು. 190 ಕಿಲೋ. ಅದರ ಮೇಲೆ ಕೂತು ಸೈಡ್ ಸ್ಟ್ಯಾಂಡ್ ಎತ್ತಿ, ಹ್ಯಾಂಡಲ್ ಪೂರ್ತಿ ತಿರುಗಿಸಿ, ಕಾಲಲ್ಲಿ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾ, "ನೋಡು, ಬ್ಯಾಲೆನ್ಸ್ ಸಿಕ್ಕಿದ್ರೆ ತೂಕಾನೇ ಗೊತ್ತಾಗಲ್ಲ" ಅಂದರು. ಮಾತು ಮುಗಿಯುವ ಮುಂಚೆ ಮುಂದಿನ ಬ್ರೇಕ್ ಹಿಡಿದರು. ಹ್ಯಾಂಡಲ್ ತಿರುಗಿಸಿ ನಿಧಾನವಾಗಿ ಉರುಳುವಾಗ ಹಾಗೆ ಹಿಡಿಯಬಾರದು, ಗಾಡಿ ಆ ಕಡೆಗೇ ಕುಸಿಯುತ್ತದೆ. ಕುಸಿಯಿತು.

ಬೈಕ್ ನಿಂತಲ್ಲೇ ಬೀಳುವುದನ್ನು ನೀವು ನೋಡಿದ್ದೀರಾ? ಅದು ದಢ್ ಅಂತ ಬೀಳುವುದಿಲ್ಲ. ಸ್ವಲ್ಪ ವಾಲುತ್ತದೆ. ಸವಾರ ಕಾಲು ಒತ್ತಿ ತಡೆಯುತ್ತಾನೆ. ಒಂದು ಹಂತದವರೆಗೆ ಎಂಥವರೂ ತಡೆಯಬಹುದು. ಆ ಹಂತ ದಾಟಿದ ಮೇಲೆ ಪೈಲ್ವಾನನೂ ತಡೆಯಲಾರ. ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೆ ಕೇಳುವುದೇ ಬೇಡ, ಹತ್ತು ಕಿಲೋ ಸುಮಾರು ತೂಕ, ಅದೂ ಮೇಲ್ಗಡೆ. ಭಾವ ಆ ಹಂತದಲ್ಲಿ ಸಾಕಷ್ಟು ಹೊತ್ತು ಇದ್ದರು. ಮುಖ ಕೆಂಪಾಯಿತು, ಹಣೆಯಲ್ಲಿ ನರ ಉಬ್ಬಿತು. "ಹಿಡ್ಕೊಳ್ಳೋ" ಅನ್ನಲು ಅಭಿಮಾನ ಬಿಡಲಿಲ್ಲ. ಕೊನೆಗೆ ಅವರೇ ಗಾಡಿಯನ್ನು ತುಂಬಾ ಗೌರವದಿಂದ ನೆಲಕ್ಕೆ ಮಲಗಿಸಿ, ತಾವು ಪಕ್ಕಕ್ಕೆ ದಾಟಿಕೊಂಡರು.

ಆಮೇಲೆ ಎತ್ತುವ ಪಾಠ. ಎದುರಿಗೆ ನಿಂತು ಬಗ್ಗಿ ಎತ್ತಿದರೆ ಸೊಂಟ ಹೋಗುತ್ತದೆ. ಬೆನ್ನು ಸೀಟಿಗೆ ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಗೆ ಹಾಕಿ, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ನೂಕಬೇಕು. ಬಿದ್ದಿರುವುದು ಬಲಕ್ಕಾದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಟ್ಟಿರಬೇಕು. ಇಲ್ಲದಿದ್ದರೆ ಎತ್ತಿದ ಖುಷಿಯಲ್ಲಿ ಆ ಕಡೆಗೆ ಬೀಳಿಸಬಹುದು. "ಇದೇನು ಹೊಸದಲ್ಲ ಬಿಡು" ಅಂದರು ಭಾವ, ಲಿವರ್ ತುದಿಯ ಗೀರನ್ನು ಬೆರಳಲ್ಲಿ ಉಜ್ಜುತ್ತಾ. ಅಕ್ಕ ಕಿಟಕಿಯಿಂದ ನೋಡಿದಳು. ಸಮಿತಿಯ ಅಧ್ಯಕ್ಷ ಸ್ಥಾನ ಅಲ್ಲಿಗೆ ತೆರವಾಯಿತು.

ಹೊಸಬನ ಗಾಡಿ ಹೇಗೂ ಬೀಳುವುದೇ ಆದರೆ, ಬೇರೆಯವರು ಈಗಾಗಲೇ ಬೀಳಿಸಿದ್ದನ್ನೇ ತಗೊಂಡರೆ ಸಂಕಟ ಕಡಿಮೆ ಅಲ್ವಾ? ಸೆಕೆಂಡ್ ಹ್ಯಾಂಡ್ ನೋಡಲು ಹೊರಟೆವು. ನೋಡಿದ ಗಾಡಿಗಳ ಮಾಲೀಕರೆಲ್ಲ ಹೇಳಿದ್ದು ಒಂದೇ ಮಾತು: "ಒಂದು ಸಲಾನೂ ಬಿದ್ದಿಲ್ಲ ಸರ್." ಬ್ರೇಕ್ ಲಿವರಿನ ತುದಿ, ಹ್ಯಾಂಡಲ್‌ನ ತುದಿ, ಕಾಲಿಡುವ ಫುಟ್‌ರೆಸ್ಟ್‌ನ ಅಂಚು ಮೂರೂ ಸವೆದಿದ್ದರೂ ಗಾಡಿ ಬಿದ್ದಿಲ್ಲ. ಗೋಡೆ ಬಂದು ತಾಗಿರಬೇಕು.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಓದಿದ್ದೆ. ಅದಕ್ಕೇ ಪ್ರತಿ ಕಡೆಯೂ ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಇಂಜಿನ್ ಮುಟ್ಟಿ ನೋಡುತ್ತಿದ್ದೆ. ಒಬ್ಬರ ಗಾಡಿ ತಣ್ಣಗೇ ಇತ್ತು. "ಒಂದೇ ಕಿಕ್ ಸರ್, ನೋಡಿ" ಅಂದು ಒದ್ದರು. ಆಗಲಿಲ್ಲ. ಮತ್ತೆ ಒದ್ದರು. ಚೋಕ್ ಎಳೆದರು, ಪೆಟ್ರೋಲ್ ಟ್ಯಾಪ್ ತಿರುಗಿಸಿದರು, ಪ್ಲಗ್ ಬಿಚ್ಚಿ ಒರೆಸಿದರು, ಅಂಗಿಯ ಗುಂಡಿ ಬಿಚ್ಚಿದರು. ನಿನ್ನೆ ತನಕ ಚೆನ್ನಾಗಿತ್ತು ಅಂತ ಅವರ ಮನೆಯವರೂ ಬಂದು ಸಾಕ್ಷಿ ಹೇಳಿದರು. ಕೊನೆಗೆ ಗಾಡಿಯ ಮೇಲೆ ಆಗಲೇ ಒಂದು ಸಲ ಕೂತು ಎದ್ದಿದ್ದ ನನ್ನ ಅಳಿಯ ಮೆಲ್ಲಗೆ ಕೇಳಿದ, "ಮಾಮ, ಈ ಕೆಂಪು ಬಟನ್ ಯಾತಕ್ಕೆ?"

ಇಂಜಿನ್ ಆಫ್ ಮಾಡುವ ಸ್ವಿಚ್. ಒತ್ತಿಟ್ಟಿದ್ದ. ಎದುರು ಬದಿಗೆ ಒತ್ತಿದ ಮೇಲೆ ನಿಜವಾಗಿಯೂ ಒಂದೇ ಕಿಕ್. ಆ ಮನುಷ್ಯ ನಮಗೆ ಕುಡಿಯಲು ನೀರು ಕೊಟ್ಟು ಕಳಿಸಿದರು, ಗಾಡಿ ಕೊಡಲಿಲ್ಲ.

ತಮಾಷೆ ಬಿಟ್ಟು ಒಂದು ಮಾತು. ಉಳಿದ ಎಲ್ಲದರಲ್ಲೂ ಚೌಕಾಸಿ ಮಾಡಿದೆ, ಎಬಿಎಸ್, ಅಂದರೆ ಬ್ರೇಕ್ ಹಿಂಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಅದರ ವಿಷಯದಲ್ಲಿ ಮಾಡಲಿಲ್ಲ. ಸೈಕಲ್ ಕಾಲದಿಂದ ನಮಗೆ ಮುಂದಿನ ಬ್ರೇಕ್ ಅಂದರೆ ಭಯ. ಆದರೆ ಬ್ರೇಕ್ ಹಾಕಿದ ತಕ್ಷಣ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಗಾಡಿ ನಿಲ್ಲಿಸುವ ಕೆಲಸದ ಬಹುಪಾಲು ಅದೇ ಮಾಡುತ್ತದೆ. ಗಾಬರಿಯಲ್ಲಿ ಹೊಸಬ ಲಿವರ್ ಹಿಂಡುವುದು ಪೂರ್ತಿ, ಮೆತ್ತಗಲ್ಲ. ಆಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳಲು ಯಾರಾದರೂ ಇರಲಿ.

ಕೊನೆಗೆ ಸಿಕ್ಕಿದ್ದು 125 ಕಿಲೋದ, ಎರಡೂ ಅಂಗಾಲು ನೆಲಕ್ಕೆ ಊರುವ, ಕ್ಲಚ್ ಎರಡು ಬೆರಳಿಗೆ ಬರುವ ಒಂದು ಸಾದಾ ಗಾಡಿ. ಎಡಗಡೆ ಗೀರು ಮೊದಲೇ ಇತ್ತು. ಬಲಗಡೆಯದು ಒಂದು ಯೂ ಟರ್ನ್ ಆದ ಮೇಲೆ ಬಂತು. ಹಾಫ್ ಕ್ಲಚ್ ಸರಿಯಾಗಿ ಬರುವ ತನಕ ಸಿಗ್ನಲ್ ಹಸಿರಾದ ಕೂಡಲೇ ಗಾಡಿ ಆಫ್ ಆಗುತ್ತಿತ್ತು, ಹಿಂದಿನವರು ಹಾರ್ನ್‌ನಲ್ಲಿ ಪ್ರೋತ್ಸಾಹ ಕೊಡುತ್ತಿದ್ದರು. ಮೊದಲ ಗೇರಿಗೂ ಎರಡನೆಯದಕ್ಕೂ ನಡುವೆ ನ್ಯೂಟ್ರಲ್ ಇದೆ ಅನ್ನುತ್ತಾರೆ. ಬೇಡದಾಗ ಮಾತ್ರ ಸಿಗುತ್ತದೆ.

ಭಾವ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಟೈರ್ ಒದ್ದು ನೋಡಿದರು. "ಒಂದು ರೌಂಡ್ ಹೋಗಿ ಬರ್ತೀನಿ" ಅಂತ ಕೀ ಇಸ್ಕೊಂಡು ಹೋದವರು ಸಂಜೆಯಾದರೂ ಬರಲಿಲ್ಲ. ಬಂದ ಮೇಲೆ, "ಪರವಾಗಿಲ್ಲ, ಆದ್ರೆ ಪಿಕಪ್ ಇಲ್ಲ" ಅಂತ ತೀರ್ಪು ಕೊಟ್ಟರು. ಈಗ ಸಣ್ಣಪುಟ್ಟ ಕೆಲಸಕ್ಕೆಲ್ಲ ಅವರು ಒಯ್ಯುವುದು ನನ್ನ ಗಾಡಿಯನ್ನೇ. "ಅಷ್ಟು ಹತ್ತಿರಕ್ಕೆ ನನ್ನದನ್ನ ತೆಗೆಯೋದು ಯಾಕೆ" ಅನ್ನುತ್ತಾರೆ. ಅವರದಕ್ಕೆ ಈಚೆಗೆ ಹೊಸ ಕವರ್ ತಂದಿದ್ದಾರೆ. ನನ್ನದಕ್ಕೆ ಪೆಟ್ರೋಲ್ ಮಾತ್ರ ಹಾಕಿಸಿ ಕೊಡುವುದಿಲ್ಲ.