ಅತ್ತೆ, ನಿಮಗೊಂದು ವಿಷಯ ಹೇಳಬೇಕು

ಮೂರು ವಾರದಿಂದ ನಮ್ಮನೆಯಲ್ಲಿ ರಾತ್ರಿ ಎಂಟೂವರೆ ಆದರೆ ಒಂದೇ ಚಿಂತೆ. ಆ ಹುಡುಗಿ ಇವತ್ತಾದರೂ ಲಕೋಟೆ ಒಡೀತಾಳೋ ಇಲ್ವೋ?

ಧಾರಾವಾಹಿ ಹೆಸರು ಬೇಡ ಬಿಡಿ. ಹೇಳಿದರೂ ಉಪಯೋಗವಿಲ್ಲ, ಚಾನೆಲ್ ಬದಲಾಯಿಸಿದರೆ ಅಲ್ಲೂ ಒಬ್ಬಳು ಲಕೋಟೆ ಹಿಡಿದುಕೊಂಡೇ ನಿಂತಿರುತ್ತಾಳೆ. ಇವಳ ಲಕೋಟೆಯಲ್ಲಿರುವುದು ಡಿಎನ್‌ಎ ರಿಪೋರ್ಟು. ಸೋಮವಾರ ಆಸ್ಪತ್ರೆಯಲ್ಲಿ ಕೈಗೆ ಬಂತು. ನಾವು ನೀವಾಗಿದ್ದರೆ ಕೌಂಟರ್ ಮುಂದೆಯೇ ಹರಿದು ನೋಡುತ್ತಿದ್ದೆವು, ಅಲ್ವಾ? ಇವಳು ಎದೆಗೆ ಒತ್ತಿಕೊಂಡು ಮನೆಗೆ ತಂದಳು. ಮಂಗಳವಾರ ಗಾಳಿ ಬೀಸಿತು. ಕಿಟಕಿ ಬಾಗಿಲೆಲ್ಲ ಹಾಕಿದ್ದ ಹಾಲಿನೊಳಗೆ ಎಲ್ಲಿಂದ ಬಂತೋ ಆ ಗಾಳಿ, ಲಕೋಟೆ ಹಾರಿ ಸೋಫಾ ಕೆಳಗೆ ಸೇರಿತು. ಬುಧವಾರ ಪೂರ್ತಿ ಹುಡುಕಾಟ. ಗುರುವಾರ ಸಿಕ್ಕಿತು, ಆದರೆ ಸಿಕ್ಕಿದ್ದು ಅತ್ತೆ ಕೈಗೆ. ಅವಳ ಅತ್ತೆ ಮತ್ತೆ, ನಮ್ಮತ್ತೆ ಪಾಪ ನನ್ನ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು.

ಶುಕ್ರವಾರ ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಕೂತೆ. ಹಿಂದಿನ ಸಂಚಿಕೆಯಲ್ಲಿ ಏನಾಯಿತು ಅಂತ ತೋರಿಸಲು ಎರಡು ನಿಮಿಷ ಹೋಯಿತು. ಏನೂ ಆಗಿರಲಿಲ್ಲ, ಆದರೂ ತೋರಿಸಿದರು. ಆಮೇಲೆ ಅವಳು ಮೆಟ್ಟಿಲಿಳಿದು ಬಂದು, "ಅತ್ತೆ, ನಿಮಗೊಂದು ವಿಷಯ ಹೇಳಬೇಕು" ಅಂದಳು. ಢಂ! ಅತ್ತೆಯ ಮುಖ. ಢಂ! ಮಾವನ ಮುಖ. ಮೈದುನ, ನಾದಿನಿ, ಚಿಕ್ಕತ್ತೆ, ಮನೆಕೆಲಸದವಳು, ಕೊರಿಯರ್ ಕೊಡಲು ಬಂದವನು, ಹೀಗೆ ಹನ್ನೊಂದು ಮುಖ. ಒಬ್ಬೊಬ್ಬರದ್ದು ಮೂರು ಸಲ, ಒಂದು ಸಲ ನೆಟ್ಟಗೆ, ಒಂದು ಸಲ ಕ್ಯಾಮೆರಾ ಅಲ್ಲಾಡಿಸಿ, ಒಂದು ಸಲ ಬಣ್ಣ ತೆಗೆದು. ನಾಲ್ಕು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಜಾಹೀರಾತು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ಕೇಬಲ್ ಟಿವಿ ನಿಯಮದಲ್ಲೇ ಇದೆ. ಒಂದೇ ಮುಖವನ್ನು ಗಂಟೆಗೆ ಎಷ್ಟು ನಿಮಿಷ ತೋರಿಸಬಹುದು ಅಂತ ಮಾತ್ರ ಯಾರೂ ನಿಯಮ ಮಾಡಲಿಲ್ಲ ನೋಡಿ.

ಇಷ್ಟು ವರ್ಷ ನೋಡಿ ನನಗೆ ಅರ್ಥವಾಗಿರುವುದು ಇಷ್ಟೇ. ಧಾರಾವಾಹಿಯಲ್ಲಿ ಕೊಲೆ ಮಾಡಬಹುದು, ಮಗು ಕದಿಯಬಹುದು, ಸತ್ತವರು ಬೇರೆ ಮುಖ ಹಾಕಿಕೊಂಡು ವಾಪಸ್ ಬರಬಹುದು. ಒಂದು ವಾಕ್ಯ ಪೂರ್ತಿ ಮಾಡುವ ಹಾಗಿಲ್ಲ. "ಆ ಮಗು ನಿಮ್ಮ ಮಗನದ್ದೇ." ನಾಲ್ಕು ಪದ. ಅದನ್ನು ಅಂದುಬಿಟ್ಟರೆ ಸಂಜೆಯೊಳಗೆ ಸೆಟ್ ಬಿಚ್ಚಬೇಕು, ಅಷ್ಟು ಜನ ಕಲಾವಿದರು, ಲೈಟ್ ಹುಡುಗರು, ದಿನಕ್ಕೊಂದು ಬ್ಲೌಸ್ ಹೊಲಿಯುವ ಟೈಲರ್ ಎಲ್ಲರೂ ಮನೆಗೆ. ಇವಳ ಕೈಯಲ್ಲಿ ದುಬಾರಿ ಮೊಬೈಲೂ ಇದೆ. ರಿಪೋರ್ಟಿನ ಫೋಟೊ ತೆಗೆದು ಗಂಡನಿಗೆ ವಾಟ್ಸ್‌ಆಪ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿ ಮೊಬೈಲ್ ಇರುವುದು ಕೆಟ್ಟ ಸುದ್ದಿ ಕೇಳಿದಾಗ ಕೈಯಿಂದ ಜಾರುವುದಕ್ಕೆ.

ಬಾಯಿ ಮುಚ್ಚಿಕೊಂಡಿರಬೇಕಾದವರು ಮಾತ್ರ ಧಾರಾಳವಾಗಿ ಮಾತಾಡುತ್ತಾರೆ. ವಿಲನ್ ಚಿಕ್ಕತ್ತೆ ಒಬ್ಬಳೇ ಕನ್ನಡಿ ಮುಂದೆ ನಿಂತು, ಯಾರಿಗೆ ಯಾವತ್ತು ಯಾವುದರಲ್ಲಿ ವಿಷ ಹಾಕುತ್ತೇನೆ ಅಂತ ಗಂಟಲು ತೆರೆದು ಹೇಳಿಕೊಳ್ಳುತ್ತಾಳೆ. ಬಾಗಿಲು ಹಾರು ಹೊಡೆದಿರುತ್ತೆ. ಕಂಬದ ಹಿಂದೆ ಯಾರೋ ಇದ್ದೇ ಇರುತ್ತಾರೆ. ಅವರಿಗೂ ಪೂರ್ತಿ ಕೇಳಿಸುವುದಿಲ್ಲ! "ನಾನು ಅವನನ್ನು ಮದುವೆ ಆಗಲ್ಲ" ಅನ್ನುವಷ್ಟು ಕೇಳಿ ಅಳುತ್ತಾ ಓಡುತ್ತಾರೆ, "ಅಂತ ನಿಮಗೆ ಯಾರು ಹೇಳಿದ್ದು?" ಅನ್ನುವುದು ಕಂಬಕ್ಕೆ ಮಾತ್ರ ಕೇಳಿಸುತ್ತೆ. ಆ ಒಂದು ಓಟಕ್ಕೆ ಎರಡು ತಿಂಗಳ ಕಥೆ.

ನಾಯಕ ಹಠಕ್ಕೆ ಬಿದ್ದು, ಒಲ್ಲೆ ಅನ್ನುವವಳ ಕೊರಳಿಗೆ ತಾಳಿ ಕಟ್ಟುವುದನ್ನೂ ನೋಡಿದ್ದೇನೆ. ನಿಜ ಜೀವನದಲ್ಲಾದರೆ ಪೊಲೀಸ್ ಸ್ಟೇಷನ್, ಇಲ್ಲಿ ಸ್ಲೋ ಮೋಷನ್ನಲ್ಲಿ ಅಕ್ಷತೆ. ನೂರು ಕಂತು ದಾಟುವಷ್ಟರಲ್ಲಿ ಅವಳಿಗೆ ಪ್ರೀತಿಯೂ ಹುಟ್ಟುತ್ತೆ. "ಬೇಡ" ಅನ್ನುವುದು ಒಂದೇ ಪದದ ವಾಕ್ಯ, ಅದನ್ನೂ ಪೂರ್ತಿ ಮಾಡಲು ಬಿಡುವುದಿಲ್ಲವಲ್ಲ, ಇದಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ.

ಹಿಂದೆ ಹೀಗಿರಲಿಲ್ಲ ಅಂತ ನಮ್ಮತ್ತೆ ಹೇಳುತ್ತಾರೆ. 1984ರಲ್ಲಿ ದೂರದರ್ಶನದಲ್ಲಿ ಶುರುವಾದ 'ಹಮ್ ಲೋಗ್' 17 ತಿಂಗಳಲ್ಲಿ ಮುಗಿದಿತ್ತು. ಈಗ 17 ತಿಂಗಳಲ್ಲಿ ಒಂದು ಬಸುರು ಕೂಡ ಪೂರ್ತಿಯಾಗಲ್ಲ. ಈ ಧಾರಾವಾಹಿಗಳಿಗೆ ಸೋಪ್ ಅನ್ನುವ ಹೆಸರು ಬಂದಿದ್ದು ಅಮೆರಿಕದಿಂದ, 1930ರ ದಶಕದಲ್ಲಿ ಅಲ್ಲಿನ ರೇಡಿಯೊ ಕಥೆಗಳಿಗೆ ಸೋಪು ಕಂಪನಿಗಳು ದುಡ್ಡು ಹಾಕುತ್ತಿದ್ದವಂತೆ. ಪಾಪ ಸೋಪು. ಅದಾದರೂ ತಿಕ್ಕಿದಷ್ಟೂ ಸವೆಯುತ್ತೆ, ಇದು ತಿಕ್ಕಿದಷ್ಟೂ ಬೆಳೆಯುತ್ತೆ.

ಹಾಗಾದರೆ ನೋಡಬೇಡಿ ಅಂತೀರಾ? ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ. ಅದರಲ್ಲಿ ಯಾರು ಏನು ನೋಡುತ್ತಾರೆ ಅಂತ ಅಳೆಯುವ ಬಾರ್ಕ್ ಅನ್ನುವ ಸಂಸ್ಥೆಯ ಮೀಟರ್ ಇರುವುದು ಸುಮಾರು 58 ಸಾವಿರ ಮನೆಯಲ್ಲಿ. ನಮ್ಮನೆಯಲ್ಲಿ ಇಲ್ಲ. ಬೈದುಕೊಂಡು ನೋಡಿದರೂ ಲೆಕ್ಕವಿಲ್ಲ, ಸಿಟ್ಟಿನಿಂದ ಟಿವಿ ಆರಿಸಿದರೂ ಲೆಕ್ಕವಿಲ್ಲ. ಮೀಟರ್ ಇರುವ ಯಾವುದೋ ಮನೆಯವರಿಗೆ ಆ ಲಕೋಟೆ ಬಹಳ ಹಿಡಿಸಿರಬೇಕು. ಎರಡನೇ ವಾರ ಅದೇ ಬಣ್ಣದ ಇನ್ನೊಂದು ಲಕೋಟೆ ಬಂತು, ಮೂರನೇ ವಾರ ಎರಡೂ ಅದಲು ಬದಲಾದವು.

ಇನ್ನೊಂದು ವಿಚಿತ್ರ. ಟಿವಿಯೊಳಗೆ ಅತ್ತೆ ಸೊಸೆ ಒಬ್ಬರಿಗೊಬ್ಬರು ವಿಷ ಕಲೆಸುತ್ತಿರುವಾಗ, ಟಿವಿ ಮುಂದೆ ನಾವಿಬ್ಬರು ಅತ್ತೆ ಸೊಸೆ ಒಂದೇ ದಿಂಬಿಗೆ ಒರಗಿಕೊಂಡು ಆ ಮನೆಯವರನ್ನು ಬೈಯುತ್ತಿರುತ್ತೇವೆ. "ಹೇಳಿಬಿಡೇ, ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?" ಅಂತ ನಮ್ಮತ್ತೆ ನಾಯಕಿಗೆ ಗದರುತ್ತಾರೆ. ನಾನು ಹೂಂ ಅನ್ನುತ್ತೇನೆ. ಮನೆಯಲ್ಲಿ ನಮ್ಮಿಬ್ಬರಿಗೆ ಇಷ್ಟು ಒಮ್ಮತ ಬೇರೆ ಯಾವ ವಿಷಯದಲ್ಲೂ ಇಲ್ಲ.

ಹೋದ ವಾರ ನಾಲ್ಕು ದಿನ ತವರಿಗೆ ಹೋಗಿದ್ದೆ. ಅಲ್ಲಿ ಅಪ್ಪ ಸುದ್ದಿ ಚಾನೆಲ್ ಬಿಟ್ಟು ಬೇರೆ ಹಾಕುವುದಿಲ್ಲ. ಶುಕ್ರವಾರ ತಡೆಯಲಾಗದೆ ಒಂಬತ್ತು ಗಂಟೆಗೆ ನಾನೇ ಫೋನ್ ಮಾಡಿದೆ.

"ಅತ್ತೆ, ಲಕೋಟೆ ಒಡೆದಳಾ?"

"ಒಡೆದಳು ಕಣಮ್ಮ, ಕೊನೆಗೂ."

"ಒಳಗೇನಿತ್ತು?"

"ಓದಿ ಹೇಳೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ಕರೆಂಟ್ ಹೋಯ್ತು."

"ಅವರ ಮನೇಲಾ, ನಮ್ಮನೇಲಾ?"

"ಎರಡೂ ಕಡೆ ಕಣಮ್ಮ."