ಗಡೀಪಾರು ಎನ್ನಬೇಡಿ, ನವೀಕರಣವಾಗಿಲ್ಲ ಎನ್ನಿ

ಮಾನ್ಯ ನೂತನ ಸರ್ವಾಧಿಕಾರಿಗಳ ಸನ್ನಿಧಾನಕ್ಕೆ,

ಕುರ್ಚಿ ಗಟ್ಟಿಯಾಯಿತು, ಸೈನ್ಯ ಕೈಯಲ್ಲಿದೆ, ತಾವು ಕೆಮ್ಮಿದರೂ ಸ್ವದೇಶಿ ಸಂಪಾದಕರು ಮುಖಪುಟದಲ್ಲಿ ಹಾಕುತ್ತಿದ್ದಾರೆ. ಉಳಿದಿರುವ ತಲೆನೋವು ಒಂದೇ: ಬಾಡಿಗೆ ಮನೆ ಹಿಡಿದು ಕೂತಿರುವ ಆ ವಿದೇಶಿ ವರದಿಗಾರ್ತಿ. ಕೈಯಲ್ಲೊಂದು ನೋಟ್‌ಬುಕ್ಕು, ತಮ್ಮ ದೇಶದ ಭಾಷೆ ಬೇರೆ ಕಲಿತುಬಿಟ್ಟಿದ್ದಾಳೆ. ಇಂಥವರ ವಿಷಯದಲ್ಲಿ ಹಿರಿಯ ಪ್ರಭುತ್ವಗಳು ಮಾಡಿ ನೋಡಿದ ಉಪಾಯಗಳನ್ನೂ ಅವು ಎಲ್ಲೆಲ್ಲಿ ಕೈಕೊಟ್ಟವು ಎಂಬುದನ್ನೂ ಬಿನ್ನವಿಸಿಕೊಳ್ಳುತ್ತಿದ್ದೇವೆ.

ಮುಖ್ಯವಾಗಿ, ಹೊರಗೆ ಹಾಕಲು ಹೋಗಬೇಡಿ. ಬೀಜಿಂಗ್‌ನವರ ನಾಜೂಕು ನೋಡಿ. ಅಲ್ಲಿ ವರದಿಗಾರ್ತಿ ಬದುಕುವುದು ಎರಡು ಕಾಗದದ ಮೇಲೆ. ವಿದೇಶಾಂಗ ಸಚಿವಾಲಯ ಪತ್ರಕರ್ತರ ಕಾರ್ಡು ಕೊಡಬೇಕು. ಅದನ್ನು ತೋರಿಸಿದರೆ ಪೊಲೀಸ್ ಇಲಾಖೆ ವಾಸದ ಪರವಾನಗಿ ಕೊಡುತ್ತದೆ. ಮೊದಲನೆಯದು ಬಾರದಿದ್ದರೆ ಎರಡನೆಯದು ತಾನೇ ಬಿದ್ದುಹೋಗುತ್ತದೆ, ಆಕೆ ತಾನೇ ಸೂಟ್‌ಕೇಸು ಕಟ್ಟುತ್ತಾಳೆ. ಯಾರೂ ಯಾರನ್ನೂ ಓಡಿಸಿದಂತಾಗಲಿಲ್ಲ. 2012ರಲ್ಲಿ ಅಲ್ ಜಜೀರಾ ಇಂಗ್ಲಿಷ್‌ನ ಮೆಲಿಸ್ಸಾ ಚಾನ್ ಹೋದದ್ದು ಹೀಗೆಯೇ. ಆಕೆಯ ಜೊತೆಗೆ ಆ ವಾಹಿನಿಯ ಬೀಜಿಂಗ್ ಕಚೇರಿಯೂ ಮುಚ್ಚಿತು. ಕಾರಣವೇನೆಂದು ಸಚಿವಾಲಯದ ಗೋಷ್ಠಿಯಲ್ಲಿ ಪತ್ರಕರ್ತರು ಕೇಳಿದ್ದೇ ಕೇಳಿದ್ದು. ಸಂಬಂಧಪಟ್ಟವರಿಗೆ ಗೊತ್ತಿದೆ ಎಂಬ ಧಾಟಿಯಲ್ಲಿ ವಕ್ತಾರರು ಉತ್ತರಿಸಿದ್ದೇ ಉತ್ತರಿಸಿದ್ದು. ಆಮೇಲೆ ಜಾಲತಾಣದಲ್ಲಿ ಪ್ರಕಟವಾದ ಗೋಷ್ಠಿಯ ದಾಖಲೆಯಲ್ಲಿ ಆ ಪ್ರಶ್ನೆಗಳೇ ಇರಲಿಲ್ಲ. ಪ್ರಶ್ನೆಯೇ ಇಲ್ಲದ ಮೇಲೆ ಉತ್ತರ ಸರಿಯಿಲ್ಲ ಎಂದು ದೂರುವವರು ಯಾರು? ಈ ಅಂಶವನ್ನು ತಮ್ಮ ವಾರ್ತಾ ಇಲಾಖೆ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಲಿ.

ಕ್ಷಮೆ ಕೇಳಿಸುವ ಚಪಲ ಮಾತ್ರ ಬೇಡ. ಉಯಿಘರ್ ಮುಸ್ಲಿಮರ ಷಿನ್‌ಜಿಯಾಂಗ್ ಪ್ರಾಂತ್ಯದ ಬಗ್ಗೆ ಬರೆದದ್ದಕ್ಕೆ ಬಹಿರಂಗ ಕ್ಷಮೆ ಕೇಳಬೇಕೆಂದು 2015ರಲ್ಲಿ ಫ್ರೆಂಚ್ ವಾರಪತ್ರಿಕೆ ‘ಲೋಬ್ಸ್’ನ ಉರ್ಸುಲಾ ಗೋತಿಯೇ ಅವರಿಗೆ ಷರತ್ತು ಹಾಕಿದರು. ಆಕೆ ಕೇಳಲಿಲ್ಲ, ಕಾರ್ಡು ಸಿಗದೆ ಡಿಸೆಂಬರ್ 31ರಂದು ವಿಮಾನ ಹತ್ತಿದರು. ಒಂದು ವಾರಪತ್ರಿಕೆಯ ಲೇಖನ ಜಗತ್ತಿನ ಸುದ್ದಿಯಾಯಿತು.

ಅದಕ್ಕಿಂತ ಅವಧಿ ಕತ್ತರಿಸುವುದು ಅಗ್ಗದ ದಾರಿ. ವರ್ಷದ ವೀಸಾ ಕೇಳಿದವಳಿಗೆ ಆರು ತಿಂಗಳದ್ದು ಕೊಡಿ, ಮುಂದಿನ ಸಲ ಮೂರು, ಸಿಟ್ಟು ಬಂದರೆ ಒಂದೇ ತಿಂಗಳದ್ದು. ಮನೆಯ ಕರಾರು, ಮಗುವಿನ ಶಾಲೆ ಎಲ್ಲವೂ ತಮ್ಮ ಮುದ್ರೆಯ ಅಡಿಗೆ ಬರುತ್ತವೆ. ಸ್ಥಳೀಯರನ್ನು ಆಕೆಯ ಸಹಾಯಕರಾಗಿ ಇಟ್ಟುಕೊಳ್ಳಲು ಬಿಡಿ, ಪತ್ರಕರ್ತರಾಗಲು ಬಿಡಬೇಡಿ. ಚೀನಾದಲ್ಲಿ ವಿದೇಶಿ ಮಾಧ್ಯಮಕ್ಕೆ ದುಡಿಯುವ ಚೀನೀ ಪ್ರಜೆಗೆ ‘ಸುದ್ದಿ ಸಹಾಯಕ’ ಎಂಬ ಪದವಿ ಮಾತ್ರ, ಅದೂ ಸರ್ಕಾರ ಒಪ್ಪಿದ ಸಂಸ್ಥೆಯ ಮೂಲಕ. ಆಕೆಗೆ ಬಿಸಿ ಮುಟ್ಟಿಸಬೇಕಾದಾಗ ಸಹಾಯಕಿಯನ್ನು ಪೊಲೀಸರು ‘ಚಹಾಕ್ಕೆ’, ಅಂದರೆ ವಿಚಾರಣೆಗೆ, ಕರೆಸಿದರೆ ಸಾಕು. ಸಹಾಯಕಿಗೆ ಹಿಂತಿರುಗಲು ಬೇರೆ ದೇಶವಿಲ್ಲವಲ್ಲ.

ಹಿಂಬಾಲಿಸುವ ವಿಷಯದಲ್ಲಿ ಮಿತವ್ಯಯ ಇರಲಿ. ಷಿನ್‌ಜಿಯಾಂಗ್‌ಗೆ ಹೋದ ಪತ್ರಕರ್ತರ ಹಿಂದೆ ಕಾರುಗಳ ಸಾಲು, ಮುಂದೆ ಇದ್ದಕ್ಕಿದ್ದಂತೆ ಮುಚ್ಚುವ ರಸ್ತೆ, ಕೆಲವೊಮ್ಮೆ ದಾರಿ ಕಟ್ಟಲೆಂದೇ ನಡೆಸಿದ ಅಪಘಾತದ ನಾಟಕ. ಪೆಟ್ರೋಲು, ಭತ್ಯೆ, ನಜ್ಜುಗುಜ್ಜಾದ ಬಂಪರು ಎಲ್ಲ ಖಜಾನೆಯದೇ. ಇಷ್ಟಾದರೂ ಆಕೆ ಬರಿಗೈಯಲ್ಲಿ ಮರಳುವುದಿಲ್ಲ. ನೋಡಬೇಕಾದದ್ದು ಕಾಣದಿದ್ದರೆ ಆಕೆ ಆ ಕಾರುಗಳ ಬಗ್ಗೆಯೇ ಬರೆಯುತ್ತಾಳೆ. ತಮ್ಮ ಇಲಾಖೆಯೇ ವರದಿಗೆ ಸರಕು ಒದಗಿಸಿದಂತಾಗುತ್ತದೆ.

ಈಗ ಎಲ್ಲಕ್ಕಿಂತ ದುಬಾರಿ ಬಿದ್ದ ಪ್ರಕರಣ. ಬಝ್‌ಫೀಡ್ ನ್ಯೂಸ್‌ನ ಮೇಘಾ ರಾಜಗೋಪಾಲನ್ ಉಯಿಘರರನ್ನು ಕೂಡಿಹಾಕುವ ಷಿನ್‌ಜಿಯಾಂಗ್‌ನ ಬಂಧನ ಕೇಂದ್ರವೊಂದಕ್ಕೆ ಹೋಗಿ ಬಂದು ಬರೆದಿದ್ದರು. 2018ರಲ್ಲಿ ವೀಸಾ ಸಿಗಲಿಲ್ಲ. ಕೇಳಿದರೆ, ಇದು ಬರೀ ಪ್ರಕ್ರಿಯೆಯ ವಿಷಯ ಎಂಬ ಉತ್ತರ. ಕಡತ ಮುಗಿಯಿತೆಂದು ಬೀಜಿಂಗ್ ನಿಟ್ಟುಸಿರು ಬಿಟ್ಟಿರಬೇಕು. ಮೇಘಾ ಲಂಡನ್ನಿನಲ್ಲಿ ಕೂತು, ಕಟ್ಟಡ ವಿನ್ಯಾಸಕಿ ಆಲಿಸನ್ ಕಿಲ್ಲಿಂಗ್ ಮತ್ತು ಪ್ರೋಗ್ರಾಮರ್ ಕ್ರಿಸ್ಟೋ ಬುಷೆಕ್ ಜೊತೆ ಸೇರಿ ಚೀನಾದ್ದೇ ಜಾಲ ಕಂಪನಿ ‘ಬೈದು’ವಿನ ನಕ್ಷೆಯನ್ನು ತೆರೆದರು. ಗೊತ್ತಿರುವ ಬಂಧನ ಕೇಂದ್ರದ ಉಪಗ್ರಹ ಚಿತ್ರವನ್ನು ಹಿಗ್ಗಿಸುತ್ತ ಹೋದರೆ ಒಂದು ಹಂತದಲ್ಲಿ ಸಪ್ಪೆ ಬೂದು ಚೌಕ. ಇನ್ನೊಂದು ಕೇಂದ್ರ, ಮತ್ತೆ ಬೂದು ಚೌಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಎಲ್ಲಿ ನೋಡಬಾರದೋ ಅಲ್ಲೆಲ್ಲ ನಕ್ಷೆಯೇ ಗುರುತು ಹಾಕಿ ಕೊಟ್ಟಿತ್ತು.

ಸೇನಾ ನೆಲೆ, ವಿದ್ಯುತ್ ಸ್ಥಾವರಗಳ ಮೇಲೂ ಇಂಥದೇ ತೇಪೆ ಇದ್ದದ್ದರಿಂದ ಸೋಸುವ ಕೆಲಸ ಸಣ್ಣದಾಗಿರಲಿಲ್ಲ. ಇಷ್ಟು ದೊಡ್ಡ ಕಟ್ಟಡಕ್ಕೆ ಸಿಮೆಂಟು, ಕೂಲಿಯಾಳು ಬೇಕು, ಹಾಗಾಗಿ ಊರು, ರಸ್ತೆಗಳ ಹತ್ತಿರದ ಚೌಕಗಳನ್ನು ಮೊದಲು ಹುಡುಕಿದರು. ‘ಬೈದು’ ಮುಚ್ಚಿದ ಜಾಗವನ್ನು ಗೂಗಲ್ ಅರ್ತ್ ಮತ್ತು ಪ್ಲಾನೆಟ್ ಲ್ಯಾಬ್ಸ್ ಕಂಪನಿಯ ಉಪಗ್ರಹ ಚಿತ್ರಗಳಲ್ಲಿ ತೆರೆದು ದಪ್ಪ ಗೋಡೆ, ಕಾವಲು ಗೋಪುರ, ಮುಳ್ಳುತಂತಿಯ ಅಂಗಳ ಇದೆಯೇ ಎಂದು ನೋಡಿದರು. 2017ರಿಂದೀಚೆಗೆ ಎದ್ದ ಅಂಥ ಕಟ್ಟಡ ಸಮುಚ್ಚಯಗಳು 260ಕ್ಕೂ ಹೆಚ್ಚು ಸಿಕ್ಕವು. ಒಳಗಿದ್ದು ಬಂದವರನ್ನು ಮೇಘಾ ಪಕ್ಕದ ಕಝಾಕ್‌ಸ್ತಾನಕ್ಕೆ ಹೋಗಿ ಮಾತಾಡಿಸಿದರು. 2021ರಲ್ಲಿ ಮೂವರಿಗೂ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ. ಆಕೆ ಬೀಜಿಂಗ್‌ನಲ್ಲೇ ಇದ್ದಿದ್ದರೆ ದಿನಗಳು ಹಿಂಬಾಲಕರನ್ನು ತಪ್ಪಿಸಿಕೊಳ್ಳುವುದರಲ್ಲೇ ಕಳೆಯುತ್ತಿದ್ದವು. ವೀಸಾ ನಿರಾಕರಿಸಿ ಸಚಿವಾಲಯ ಆಕೆಗೆ ಪುರುಸೊತ್ತು ಕೊಟ್ಟಿತು.

ಇಷ್ಟು ನಾಜೂಕು ಬಾರದವರಿಗೆ ಕಾಬೂಲ್ ವಿಧಾನವಿದೆ. 2022ರ ಜುಲೈನಲ್ಲಿ ತಾಲಿಬಾನ್ ಗುಪ್ತಚರರು ಆಸ್ಟ್ರೇಲಿಯಾದ ಪತ್ರಕರ್ತೆ ಲಿನ್ ಓಡಾನಲ್ ಅವರನ್ನು ಕೂರಿಸಿ, ತನ್ನ ವರದಿಗಳು ಸುಳ್ಳೆಂದು ಟ್ವೀಟ್ ಮಾಡಿಸಿದರು. ಒಕ್ಕಣೆ ಹಿಡಿಸಲಿಲ್ಲ, ಅಳಿಸಿ, ತಿದ್ದಿ, ಮತ್ತೆ ಹಾಕಿಸಿದರು. ಯಾರೂ ಒತ್ತಾಯ ಮಾಡಿಲ್ಲವೆಂದು ಆಕೆ ಹೇಳುವ ವಿಡಿಯೊ ತೆಗೆದರು. ಅದೂ ಹಿಡಿಸದೆ ಮತ್ತೊಮ್ಮೆ ತೆಗೆದರು. ಆಕೆ ದೇಶ ದಾಟಿದ ಕೂಡಲೇ ಇದನ್ನೆಲ್ಲ ಅದೇ ಟ್ವಿಟರ್‌ನಲ್ಲಿ ಬರೆದರು. ಸ್ವಇಚ್ಛೆಗೆ ಎರಡೆರಡು ಟೇಕ್ ಬೇಕಾದರೆ ದಯವಿಟ್ಟು ಒಬ್ಬ ಒಳ್ಳೆಯ ನಿರ್ದೇಶಕನನ್ನು ನೇಮಿಸಿಕೊಳ್ಳಿ.

ಕೊನೆಯದಾಗಿ ತಮ್ಮ ವಿದೇಶ ಪ್ರವಾಸ. ಅಲ್ಲಿ ಕುರ್ಚಿಗಳು ತಮ್ಮವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇರಾನಿನ ಅಧ್ಯಕ್ಷ ರಯೀಸಿ ಅವರ ಕಡೆಯವರು ನ್ಯೂಯಾರ್ಕಿನಲ್ಲಿ, ಹೇಳಿದ ಹೊತ್ತು ಮೀರಿ ನಲವತ್ತು ನಿಮಿಷವಾದ ಮೇಲೆ, ಸಂದರ್ಶನಕ್ಕೆ ಬಂದಿದ್ದ ಸಿಎನ್‌ಎನ್ ವಾಹಿನಿಯ ಕ್ರಿಸ್ಟಿಯಾನ್ ಅಮಾನ್‌ಪೋರ್ ತಲೆವಸ್ತ್ರ ತೊಡಬೇಕೆಂದರು. ಆಕೆ ಒಪ್ಪದೆ ಸಂದರ್ಶನ ರದ್ದಾಯಿತು, ಖಾಲಿ ಕುರ್ಚಿಯ ಎದುರು ಆಕೆ ಕೂತ ಫೋಟೊ ಲೋಕವೆಲ್ಲ ಸುತ್ತಿತು. ನಮ್ಮ ದೆಹಲಿಗೇ 2025ರ ಅಕ್ಟೋಬರ್‌ನಲ್ಲಿ ಬಂದ ತಾಲಿಬಾನ್ ವಿದೇಶಾಂಗ ಸಚಿವ ಮುತ್ತಕಿ ಅವರು 10ರಂದು ಗಂಡಸರಷ್ಟೇ ಇದ್ದ ಗೋಷ್ಠಿ ನಡೆಸಿದರು. ನಮ್ಮ ವಿದೇಶಾಂಗ ಸಚಿವಾಲಯ ತನಗೂ ಅದಕ್ಕೂ ಸಂಬಂಧವಿಲ್ಲವೆಂದು ಕೈತೊಳೆದುಕೊಂಡಿತು. ಗಲಾಟೆಯಾಗಿ 12ರಂದು ಇನ್ನೊಂದು ಗೋಷ್ಠಿ ಕರೆಯಬೇಕಾಯಿತು. ಮೊದಲ ಸಲ ಆಹ್ವಾನಿತರ ಪಟ್ಟಿ ಚಿಕ್ಕದಿತ್ತು, ಅದೊಂದು ತಾಂತ್ರಿಕ ತೊಡಕು ಎಂದು ಸಮಜಾಯಿಷಿ ಕೊಟ್ಟರು. ಹೆಣ್ಣುಮಕ್ಕಳ ಶಾಲೆಯ ಪ್ರಶ್ನೆಯೂ ಬಂತು. ಅದು ನಿಷಿದ್ಧವೇನಲ್ಲ, ಮುಂದಿನ ಆದೇಶದವರೆಗೆ ಮುಂದೂಡಲಾಗಿದೆ ಅಷ್ಟೇ ಎಂದರು ಸಚಿವರು. ತಮ್ಮ ಕರಡು ಬರೆಯುವ ಗುಮಾಸ್ತರನ್ನು ಒಂದು ಬ್ಯಾಚಿನಂತೆ ಕಾಬೂಲಿಗೆ ತರಬೇತಿಗೆ ಕಳಿಸಿಕೊಡಿ. ವೀಸಾ ಸಮಸ್ಯೆ ಆಗಲಾರದು.